ಹೂ ಮುಡಿಸುವ ಹೊತ್ತು

ಹುಡುಗನ ತಾಯಿ ಮುನಿತಾಯಮ್ಮ ಮಲ್ಲಿಗೆ ದಂಡೆಯನ್ನು ಜಡೆಯ ಹತ್ತಿರ ತಂದಾಗ ನಾಗರತ್ನ ಆ ಕೈಯನ್ನು ಮೆಲ್ಲಗೆ ಹಿಡಿದು ತಡೆದಳು. ಹೂ ಮುಡಿದರೆ ಮದುವೆಗೆ ಒಪ್ಪಿದಂತೆ. ಕುರುಬರಹಳ್ಳಿಯ ಆ ನಡುಮನೆಯಲ್ಲಿ ಸೋಬಾನೆ ಹಾಡು ಅರ್ಧಕ್ಕೇ ನಿಂತಿತು.

"ಬೇಡಮ್ಮ. ಹೋದ ಶುಕ್ರವಾರ ಕಾಲೇಜಿಂದ ಬರ್ತಾ ನಿಮ್ಮ ಮಗ ತೋಪಲ್ಲಿ ನನ್ನನ್ನ ಕೆಡವಿದ್ರು. ಬೇಡ ಬೇಡ ಅಂತ ಕೂಗ್ಕೊಂಡೆ. ಬಿಡ್ಲಿಲ್ಲ."

ಎದುರಿಗೆ ಕುಳಿತಿದ್ದ ಕೆಂಪರಾಜು ತಲೆ ತಗ್ಗಿಸಿದ. ಅವಳದೇ ಕಾಲೇಜಿನ ಹುಡುಗ, ಅವಳೇ ಮೆಚ್ಚಿದವನು.

ಸೋದರತ್ತೆ ಬೋರಮ್ಮ ಅವಳ ತೋಳು ಹಿಂಡಿದಳು. "ಬಾಯ್ಮುಚ್ಚೇ! ನೀನೇ ಮೆಚ್ಕೊಂಡೋನಲ್ವೇನೇ? ನಾಳೆ ತಾಳಿ ಕಟ್ಟೋನು ತಾನೆ?"

ಕಾಲೇಜಿನ ಗೆಳತಿಯರೂ ಇದನ್ನೇ ಹೇಳಿದ್ದರು, ಪಾಪ, ಸಮಾಧಾನ ಮಾಡುತ್ತಿದ್ದೇವೆ ಎಂದುಕೊಂಡು.

"ಮೆಚ್ಚಿದ್ದೆ ಅತ್ತೆ. ಆದ್ರೆ ಬೇಡ ಅಂದಿದ್ದನ್ನ ಈಗ್ಲೇ ಕಿವಿಗೆ ಹಾಕ್ಕೊಳ್ಳದೋರು ತಾಳಿ ಕಟ್ಟಿದ್ಮೇಲೆ ಹಾಕ್ಕೋತಾರಾ? ಈ ಹೂವು ನಾನು ಮುಡಿಯಲ್ಲ."

ಮುನಿತಾಯಮ್ಮ ಮಗನ ಮುಖವನ್ನೇ ನೋಡಿದಳು. ಅವನು ತಲೆ ಎತ್ತಲಿಲ್ಲ. ಅವಳು ದಂಡೆಯನ್ನು ತಟ್ಟೆಯಲ್ಲಿಟ್ಟು, ನಾಗರತ್ನಳ ತೋಳಿನಿಂದ ಬೋರಮ್ಮನ ಕೈ ಬಿಡಿಸಿ, ಹುಡುಗಿಯ ಜಾರಿದ್ದ ಸೆರಗನ್ನು ಹೆಗಲಿಗೇರಿಸಿದಳು. ಆಮೇಲೆ ತನ್ನ ಕಡೆಯವರತ್ತ ತಿರುಗಿದಳು.

"ಏಳ್ರಪ್ಪಾ, ಹೊರಡಾನ. ಹೆಣ್ಣು ಬೇಡ ಅಂದೈತೆ."