ಗುಲಾಬಿ ಪಾಚಿ

ಕಂಪ್ಲಿಯ ಗಿರಾಕಿಗೆ ಮೀನು ಮುಟ್ಟಿಸಿ ಮಧ್ಯಾಹ್ನದ ಬಸ್ಸಿಗೆ ಹೊಸಪೇಟೆಗೆ ಮರಳಿದ ಸುಷ್ಮಿತಾಗೆ ತನ್ನ ಅಕ್ವೇರಿಯಂ ಅಂಗಡಿಯ ಶಟರ್ ಅರ್ಧ ಎತ್ತಿರುವುದು ಕಂಡಿತು. ಬಗ್ಗಿ ಒಳಗೆ ಬಂದಳು. ಗಂಡ ಮಾರುತೇಶ ಉಪ್ಪುನೀರಿನ ತೊಟ್ಟಿಯ ಮುಂದೆ ಸ್ಟೂಲ್ ಹತ್ತಿ ನಿಂತಿದ್ದ. ಮೊಣಕೈವರೆಗೆ ನೀರಿನಲ್ಲಿ ಮುಳುಗಿದ್ದ ಕೈಯಲ್ಲಿ ಗಾಜು ಕೆರೆಯುವ ಬ್ಲೇಡು ಇತ್ತು.

"ಏನ್ ಮಾಡಾಕ ಹತ್ತೀರಿ?"

"ನೀ ಬರೂದರಾಗ ಮುಗಸಬೇಕಂತ ಜಲ್ದಿ ಜಲ್ದಿ ಕೆರದೆ," ಎಂದ ಆತ, ಮುಖ ತಿರುಗಿಸದೆ. "ಗಾಜಿಗೆ, ಕಲ್ಲಿಗೆ ಕೆಂಪು ಚುಕ್ಕಿ ಬಿದ್ದಿದ್ವು. ನಿನ್ನೆ ಲೈಟ್ ಸರಿ ಮಾಡಾಕ ನಾನ ಕೈ ಹಾಕಿದ್ನಲ್ಲ, ನನ್ನ ಮೈನ್ಸ್ ಧೂಳು."

ಸಂಡೂರಿನ ಗಣಿಯಿಂದ ಅದಿರು ಹೊರುವ ಟಿಪ್ಪರ್ ಓಡಿಸುವವನು ಮಾರುತೇಶ. ಕೆಂಧೂಳು ಅವನ ದಿಂಬಿನಲ್ಲಿತ್ತು, ಕಿವಿಯಲ್ಲಿತ್ತು, ಬುತ್ತಿಯ ಮುಚ್ಚಳದಲ್ಲೂ ಇತ್ತು. ಎಲ್ಲಿ ಕೆಂಪು ಕಂಡರೂ ತನ್ನದೇ ತಪ್ಪೆಂದುಕೊಳ್ಳುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಸುಷ್ಮಿತಾ ಚೀಲವನ್ನು ನೆಲಕ್ಕಿಟ್ಟಳು. ಆ ಚುಕ್ಕಿಗಳಿಗಾಗಿಯೇ ಅವಳು ತಿಂಗಳುಗಟ್ಟಲೆ ಕಾದಿದ್ದಳು. ಈ ಊರಿನಲ್ಲಿ ಕಡಲು ಬದುಕುವುದಿಲ್ಲ ಎಂದು ಬಜಾರಿನವರೆಲ್ಲ ನಕ್ಕಿದ್ದರು. ಅವಳು ಉಪ್ಪು ಬೆರೆಸಿದ್ದಳು, ಕಲ್ಲು ಜೋಡಿಸಿದ್ದಳು. ಚಿಪ್ಪಿನ ಮೇಲೆ ಗುಲಾಬಿ ಪಾಚಿ ಹತ್ತಿದ್ದ ಕಡಲ ಬಸವನಹುಳುಗಳನ್ನು ಹುಡುಕಿ ತರಿಸಿ ಬಿಟ್ಟಿದ್ದಳು. ಸುಣ್ಣದಂತೆ ಗಟ್ಟಿಯಾಗಿ ಕಲ್ಲಿಗೆ ಕಚ್ಚಿ ಬೆಳೆಯುವ ಪಾಚಿ ಅದು. ಅದು ಹತ್ತಿತೆಂದರೆ ನೀರು ಕಡಲಾಯಿತೆಂದೇ ಅರ್ಥ. ನಾಳೆ ಗೋಪೀನಾಥರು ನೋಡಲು ಬರುವವರಿದ್ದರು. ಹಂಪಿ ರಸ್ತೆಯಲ್ಲಿ ಅವರು ಕಟ್ಟಿಸುತ್ತಿದ್ದ ಹೋಟೆಲಿಗೆ ಇಂಥದೇ ದೊಡ್ಡ ತೊಟ್ಟಿ ಬೇಕಿತ್ತು.

"ಅದು ಧೂಳಲ್ರೀ," ಎಂದಳು. "ಪಾಚಿ. ಜೀವ ಐತಿ ಅದಕ್ಕ."

ಮಾರುತೇಶನ ಕೈ ನಿಂತಿತು. ಅವನು ಇಳಿದು ಸ್ಟೂಲಿನ ಮೇಲೆ ಕೂತ. ಸುಷ್ಮಿತಾಗೆ ಸಿಟ್ಟು ಬಂದಿತ್ತು. ಆದರೆ ತೊಟ್ಟಿಗೆ ಕೈ ಹಾಕುವ ಮುಂಚೆ ಅವನು ತಿಕ್ಕಿ ತಿಕ್ಕಿ ತೊಳೆದುಕೊಂಡ ಬೆರಳುಗಳ ಚರ್ಮ ಸುಲಿದಿದ್ದನ್ನು ಕಂಡಳು. ನೀರಿನತ್ತ ತಿರುಗಿದಳು. ಕೆರೆದ ಚೂರುಗಳು ಪಂಪಿನ ಸೆಳೆತಕ್ಕೆ ಸಿಕ್ಕಿ ತೊಟ್ಟಿಯ ತುಂಬ ಸುತ್ತುತ್ತಿದ್ದವು.

ಅವನು ಜಾಲರಿ ಹುಡುಕಲು ಎದ್ದ. "ಸೋಸಿ ತೆಗೀತೀನಿ, ತಡಿ."

"ಬ್ಯಾಡ, ಬಿಡ್ರಿ. ಎಲ್ಲಿ ಬೀಳ್ತಾವೋ ಅಲ್ಲೇ ಹತ್ಲಿ."

ಮರುದಿನ ಬಂದ ಗೋಪೀನಾಥರು ಬೋಳು ಕಲ್ಲುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಬಣ್ಣ ಬಂದದ ಅಂದಿದ್ದಿಯಲ್ಲವ್ವಾ? ಬ್ಯಾರೆ ಕಂಪನಿಯವರು ಒಂದು ವಾರದಾಗ ಮಾಡಿ ಕೊಡ್ತೀವಿ ಅಂತಾರ."

"ಅವರು ಪ್ಲಾಸ್ಟಿಕ್ ಇಡ್ತಾರ್ರಿ, ವಾರ ಸಾಕು. ನನ್ನದು ಬೆಳೀಬೇಕು. ದೀಪಾವಳಿ ಕಳದು ಬರ್ರಿ."

ಅವರು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ, ಕಾರು ಹತ್ತಿದರು. ಮಾರುತೇಶ ಅಂದಿನಿಂದ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು, "ಬಂತೇನ?" ಎಂದು ಕೇಳುತ್ತಿದ್ದ. ನೀರಿನ ಉಪ್ಪು ನೋಡಿ, ಸುಣ್ಣದ ಅಂಶ ಕಡಿಮೆಯಾದಾಗ ಬೆರೆಸಿ, ಸುಷ್ಮಿತಾ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದಳು: "ಬರ್ತದ."

ಬಂತು. ಕೆರೆದ ಜಾಗದಲ್ಲಿ ಮಾತ್ರವಲ್ಲ, ಹಿಂದಿನ ಗಾಜಿಗೆ, ಪಂಪಿನ ಬಾಯಿಗೆ, ಕಲ್ಲಿನ ಒಂದೊಂದು ಕುಳಿಗೂ ಬಂತು. ಮೊದಲು ಸೂಜಿಮೊನೆಯಷ್ಟು, ಆಮೇಲೆ ಬಟ್ಟಲಗಲ, ಆಮೇಲೆ ಒಂದಕ್ಕೊಂದು ಕೂಡಿಕೊಂಡು ಇಡೀ ಕಲ್ಲೇ ನೇರಳೆ ಗುಲಾಬಿಯಾಯಿತು. ಸುಷ್ಮಿತಾ ಹೊರಗೆ ಹೋಗಿ ಗಂಡನ ಕೈ ಹಿಡಿದು ಒಳಗೆ ಎಳೆದು ತಂದಳು.

ದೀಪಾವಳಿ ಕಳೆದ ಮೇಲೆ ಗೋಪೀನಾಥರು ಬಂದರು. ತೊಟ್ಟಿಯ ಮುಂದೆ ಬಗ್ಗಿ, ಒಂದೊಂದೇ ಕಲ್ಲನ್ನು ನೋಡಿದರು.

"ಭಾಳ ಚಲೋ ಬಂದದ. ಯಾವ ಪೇಂಟ್ ಹಚ್ಚೀಯವ್ವಾ?"

"ಹಚ್ಚಿದ್ದಲ್ರೀ," ಎಂದಳು ಸುಷ್ಮಿತಾ. "ನಮ್ಮನಿಯವರು ಬಿತ್ತಿದ್ದು."

ಗೋಪೀನಾಥರು ಪಕ್ಕದಲ್ಲಿದ್ದ ಮಾರುತೇಶನತ್ತ ತಿರುಗಿದರು. "ನಮ್ಮ ಹೋಟ್ಲಿಗೂ ಬಂದು ಬಿತ್ತಿಕೊಡ್ತೀರೇನ್ರಿ?"