ಜರಡಿಯಲ್ಲಿ ಸಿಕ್ಕ ಕೂದಲು

ಹಾಲು ಸೋಸುವ ಜರಡಿಯಲ್ಲಿ ಸಿಕ್ಕ ಕೂದಲನ್ನು ಮಂಜೇಶ್ ಎರಡು ಬೆರಳಿನಲ್ಲಿ ಎತ್ತಿ, ಸಾಲಿನಲ್ಲಿದ್ದ ಎಲ್ಲರಿಗೂ ಕಾಣಲಿ ಎಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದ. ಬೆರಳುದ್ದದ ಬಿಳಿ ಕೂದಲು. ಆ ಸಂಜೆ ಡೇರಿಗೆ ಮೊದಲು ಹಾಲು ಸುರಿದವಳು ನರಸಮ್ಮ. ಸಾಲಿನಲ್ಲಿ ತಲೆ ಪೂರ್ತಿ ನೆರೆತವಳೂ ಅವಳೊಬ್ಬಳೇ. ಡೇರಿ ಸೆಕ್ರೆಟರಿಯಾದ ಅವನಿಗೆ ಇನ್ನೇನು ಸಾಕ್ಷಿ ಬೇಕು?

“ಏನಜ್ಜಿ ಇದು? ತಲೆ ಬಾಚ್ಕೊಂಡು ಅದೇ ಕೈಯಲ್ಲಿ ಹಾಲು ಕರ್ಕೊಂಡು ಬರ್ತೀಯಾ? ವಾಪಸ್ ತಗೊಂಡೋಗು.”

ನರಸಮ್ಮ ಮೂವತ್ತು ವರ್ಷಗಳಿಂದ ಹಾಲು ಹಾಕುತ್ತಿದ್ದಳು. ನೀರು ಬೆರೆಸಿದೆ ಎಂದೋ ಹುಳಿಯಾಗಿದೆ ಎಂದೋ ಅವಳ ಕ್ಯಾನು ಒಂದು ದಿನವೂ ತಿರುಗಿ ಹೋದದ್ದಿಲ್ಲ. ಊರಿನಲ್ಲಿ ಅವಳಿಗಿದ್ದ ಹೆಸರೆಂದರೆ ಅದೊಂದೇ. ಮಂಜೇಶ್ ಹಾಲನ್ನು ಮತ್ತೆ ಅವಳ ಕ್ಯಾನಿಗೇ ತುಂಬಿಕೊಟ್ಟಾಗ ಅವಳು ತುರುಬನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ಸೆರಗನ್ನು ತಲೆಗೆ ಹೊದ್ದು, ಕ್ಯಾನು ಎತ್ತಿಕೊಂಡು ಹೊರಟುಹೋದಳು. ಆ ನಗು ಮಂಜೇಶನಿಗೂ ಸ್ವಲ್ಪ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು.

ಹಿತ ಇಳಿದದ್ದು ಕೊನೆಯ ಕ್ಯಾನು ಮುಗಿದು, ಅವನು ಟ್ಯಾಂಕ್ ಕೋಣೆ ತೊಳೆಯಲು ಹೋದಾಗ. ಹಾಲು ತಣಿಸುವ ಟ್ಯಾಂಕಿನ ಬುಡದಲ್ಲಿ ಬಿಳಿ ಕೂದಲಿನ ಉಂಡೆಯೊಂದು ಫ್ಯಾನ್ ಗಾಳಿಗೆ ಉರುಳಾಡುತ್ತಿತ್ತು. ಜರಡಿ ನೇತುಹಾಕುವ ಮೊಳೆಯ ಕೆಳಗೆ ಇನ್ನೊಂದು. ಅದು ಐಸುವಿನ ಕೂದಲು. ಮಧ್ಯಾಹ್ನ ಅಲ್ಲೇ ಕೂತು ಅದನ್ನು ಬಾಚಿದವನು ಅವನೇ.

ಐಸು ಅವನ ಮನೆಯ ಹಸ್ಕಿ ಮರಿ, ಹಿಮದ ದೇಶದಲ್ಲಿ ಗಾಡಿ ಎಳೆಯುವ ನಾಯಿ ಜಾತಿ. ಮಗಳು ಸಿಂಚನ ಫೋನಿನಲ್ಲಿ ಅದರ ನೀಲಿ ಕಣ್ಣು ನೋಡಿ ಹಟ ಹಿಡಿದಿದ್ದಳು. ದೇವನಹಳ್ಳಿ ಕಡೆ ಒಬ್ಬರ ಮನೆಯಲ್ಲಿ ಐದು ಮರಿಗಳಿದ್ದವು. ಈ ಜಾತಿಗೆ ತಂಪು ಬೇಕು, ನಿಮ್ಮ ಮನೆ ಹೇಗಿದೆ ಎಂದು ಅವರು ಕೇಳಿದ್ದರು. ಶೀಟಿನ ಮನೆ ಎನ್ನಲು ನಾಚಿಕೆಯಾಗಿ, ಎ.ಸಿ. ಇದೆ ಎಂದುಬಿಟ್ಟಿದ್ದ. ಆಮೇಲೆ ಕರು ಕೊಳ್ಳುವವನಂತೆ ಹಲ್ಲು ನೋಡಿ, ಬೆನ್ನು ಸವರಿ, ಐದರಲ್ಲೂ ಅತಿ ದಟ್ಟ ಕೂದಲಿನದ್ದನ್ನೇ ಆರಿಸಿ ತಂದಿದ್ದ.

ಮಾರ್ಚ್ ಬಂದಾಗ ಮರಿ ಊಟ ಬಿಟ್ಟು, ನೆಲಕ್ಕೆ ಹೊಟ್ಟೆ ಹಚ್ಚಿ ಏದುಸಿರು ಬಿಡತೊಡಗಿತು. ಕೂದಲು ಕತ್ತರಿಸಿಬಿಡೋಣವೇ ಎಂದರೆ ನಂದಗುಡಿಯ ಪಶುವೈದ್ಯರು ಬೇಡವೇ ಬೇಡ ಎಂದರು. ಬಿಸಿಲನ್ನು ತಡೆಯುವುದೂ ಅದೇ ಕೂದಲಂತೆ. ಹೊತ್ತು ಏರುವ ಮೊದಲು ಓಡಾಡಿಸಿ, ಮಧ್ಯಾಹ್ನ ತಂಪಿನಲ್ಲಿಡಿ, ಮರಿಗೂದಲು ಉದುರುವ ಕಾಲ ಇದು, ದಿನಾ ಬಾಚಿ ಎಂದು ಕಳಿಸಿದರು. ಕರೆಂಟ್ ಹೋದರೂ ಜನರೇಟರಿನಲ್ಲಿ ಫ್ಯಾನ್ ತಿರುಗುವ, ಟೈಲ್ಸ್ ನೆಲದ ಜಾಗ ಊರಿನಲ್ಲಿ ಒಂದೇ ಇತ್ತು. ಅದರ ಬೀಗದ ಕೈ ಮಂಜೇಶನ ಜೇಬಿನಲ್ಲಿತ್ತು. ದಿನಾ ಮಧ್ಯಾಹ್ನ ಮರಿಯನ್ನು ಕದ್ದು ಒಳಗೆ ಸೇರಿಸಿ, ಜನ ಹಾಲು ತರುವ ಮೊದಲೇ ಮನೆಗೆ ಬಿಟ್ಟು ಬರುತ್ತಿದ್ದ.

ಆ ಸಂಜೆ ಮನೆಗೆ ಬಂದರೆ ಐಸು ಮೂತಿ ತುಂಬ ಹಾಲು ಮೆತ್ತಿಕೊಂಡು ನಿಂತಿತ್ತು. ನರಸಮ್ಮಜ್ಜಿ ಬಂದಿದ್ದರು ಎಂದಳು ಸಿಂಚನ. ಕೂದಲು ಬಿದ್ದ ಹಾಲು ಮನುಷ್ಯರಿಗೆ ಬೇಡ, ಮರಿಯಾದರೂ ಕುಡಿಯಲಿ ಎಂದು ಸುರಿದು, ಅದು ಕುಡಿಯುವಷ್ಟು ಹೊತ್ತೂ ಮೈ ಸವರುತ್ತ ಕೂತಿದ್ದರಂತೆ. ಮಂಜೇಶನಿಗೆ ಮಗಳ ಮುಖ ನೋಡಲಾಗಲಿಲ್ಲ.

ಬೆಳಿಗ್ಗೆ ಎಲ್ಲರ ಎದುರಿಗೇ ಹೇಳಿಬಿಡಬೇಕೆಂದು ಹೊರಟ. ಹೇಳಿದರೆ ಡೇರಿಯೊಳಗೆ ನಾಯಿ ಸೇರಿಸಿದ್ದಕ್ಕೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಮುದುಕಿಯ ಹೆಸರು ಹೋದದ್ದು ಹೋದಂತೆಯೇ. ಯಾವಾಗಲೂ ಮೊದಲು ನಿಲ್ಲುವ ನರಸಮ್ಮ ಅಂದು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ನಿಂತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಸಾಲು ಕರಗಿತ್ತು. ಎಲ್ಲರ ಎದುರಿಗೆ ಹೇಳಬೇಕಾಗಲಿಲ್ಲವಲ್ಲ ಎಂದು ಮಂಜೇಶನ ಮನಸ್ಸು ಹಗುರಾಯಿತು. ಹಗುರಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಹಣೆ, ಕಿವಿ ಎಲ್ಲ ಮುಚ್ಚುವಂತೆ ಅವಳು ತಲೆಗೆ ಟವೆಲ್ ಬಿಗಿದಿದ್ದಳು. ಕತ್ತಿನ ಹಿಂದಿನಿಂದ ಜಾರಿದ ಒಂದೆಳೆ ಸೊಂಟದವರೆಗೂ ಇಳಿದಿತ್ತು. ಅಷ್ಟುದ್ದ ಕೂದಲಿನವಳ ಮೇಲೆ ಬೆರಳುದ್ದದ್ದನ್ನು ಹೊರಿಸಿದ್ದ ಅವನು. ನಿನ್ನೆ ಕಣ್ಣಿದ್ದವರು ಯಾರಾದರೂ ನೋಡಬಹುದಿತ್ತು.

“ಸೋಸಿ ನೋಡ್ಬುಡಪ್ಪ,” ಎಂದಳು. ಜರಡಿಯಲ್ಲಿ ಏನೂ ಇರಲಿಲ್ಲ.

“ಅಜ್ಜಿ, ನಿನ್ನೆ ಆ ಕೂದ್ಲು…” ಎಂದ ಮಂಜೇಶ್. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಬಿಟ್ಟು, “ನಾಳೆಯಿಂದ ಮುಂಚಿನಂಗೆ ಮೊದ್ಲೇ ಬಾ,” ಎಂದುಬಿಟ್ಟ.

ನರಸಮ್ಮ ಖಾಲಿ ಕ್ಯಾನು ಎತ್ತಿಕೊಂಡವಳು ಹೋಗದೆ ನಿಂತಳು. ಅವನ ಅಂಗಿಯ ತೋಳಿನಿಂದ ಏನನ್ನೋ ಹೆಕ್ಕಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು. ಬೆರಳುದ್ದದ ಬಿಳಿ ಕೂದಲು. ಆಮೇಲೆ ಅವನ ತಲೆಯನ್ನು ನೋಡಿದಳು. ಅಲ್ಲಿ ಒಂದೂ ನೆರೆತಿರಲಿಲ್ಲ.

“ನಿಂದೂ ಉದುರ್ತಾ ಐತಲ್ಲಪ್ಪ,” ಎನ್ನುತ್ತ ತನ್ನ ತಲೆಯ ಟವೆಲ್ ಬಿಚ್ಚಿ ಅವನ ಕೈಗೆ ಕೊಟ್ಟಳು. “ತಗೋ, ಕಟ್ಕೋ. ಹಾಲಿಗೆ ಬಿದ್ದಾತು.”