ಕಾವಲಿನ ಖರ್ಚು

ನೆಟ್‌ವರ್ಕ್ ಕಾರ್ಡಿಗೆ ಕಂಪ್ಯೂಟರಿನ ಮೆಮೊರಿಯ ನಿಜವಾದ ವಿಳಾಸ ತಿಳಿಯಬಾರದು ಎಂಬುದು ಇಂದುಮತಿಯ ಹಟ. ಕಾರ್ಡಿಗೊಂದು ಸುಳ್ಳು ವಿಳಾಸ ಕೊಟ್ಟು, ನಡುವೆ ಅದನ್ನು ನಿಜವಾದದ್ದಕ್ಕೆ ಅನುವಾದಿಸುವ ಕಾವಲನ್ನು ಅವಳು ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶದಲ್ಲಿ ಕಷ್ಟಪಟ್ಟು ಕೂರಿಸಿದ್ದಳು. ಅದಿದ್ದರೆ ಕೆಟ್ಟ ಕಾರ್ಡು ಕಂಡವರ ಮಾಹಿತಿಯ ಮೇಲೆ ಗೀಚಲಾರದು.

“ನಿನ್ನ ಕಾವಲುಗಾರ ಪ್ರತಿ ಡೇಟಾ ಪ್ಯಾಕೆಟ್ಟಿಗೂ ಜಾತಕ ಕೇಳ್ತಾನಮ್ಮ. ಸ್ಪೀಡೆಲ್ಲ ಅವನೇ ನುಂಗ್ತಿದ್ದಾನೆ,” ಎಂದರು ತಂಡದ ಮುಖ್ಯಸ್ಥ ಕೇಶವಮೂರ್ತಿ. “ತೆಗೆದು ನೋಡೋಣ. ವೇಗ ಏರಿದರೆ ಇವತ್ತೇ ಅವನಿಗೆ ಬೀಳ್ಕೊಡುಗೆ.”

“ಏರದಿದ್ದರೆ ಸರ್?”

“ಅವನು ಖಾಯಂ. ನಾನು ಮತ್ತೆ ಬಾಯಿ ಬಿಡಲ್ಲ.”

ತಮ್ಮ ಗೆಲುವು ನೋಡಲೆಂದು ಅವರು ಇಡೀ ಆಫೀಸನ್ನೇ ಕರೆದರು. ಎಲ್ಲರೂ ಬಂದು ಅವಳ ಕುರ್ಚಿಯ ಸುತ್ತ ನಿಂತರು. ಕಾವಲನ್ನು ತೆಗೆಯುವ ಆಜ್ಞೆಯನ್ನು ಟೈಪ್ ಮಾಡಿದ ಇಂದುಮತಿ, ತಪ್ಪೇನಾದರೂ ಇದೆಯೇ ಎಂದು ಮತ್ತೆ ಮತ್ತೆ ಓದಿಕೊಂಡಳು. ಪರದೆಯ ಮೇಲೆ ವೇಗದ ಗೆರೆ ಸರ್ರನೆ ಮೇಲೇರಿತು.

“ನೋಡಿದ್ರಾ!” ಕೇಶವಮೂರ್ತಿ ಚಪ್ಪಾಳೆ ತಟ್ಟಿದರು. “ಅವನು ತೊಲಗಿದ್ದೇ ತಡ, ಕುದುರೆ ಓಡ್ತಿದೆ! ಈಗೇನಮ್ಮ ಹೇಳ್ತೀಯ?”

“ಎಲ್ಲರನ್ನೂ ಕೆಲಸ ಬಿಡಿಸಿ ಕರೆದ್ರಲ್ಲ ಸರ್, ನೆಟ್‌ವರ್ಕ್ ಖಾಲಿಯಾಗಿದೆ,” ಎಂದಳು ಇಂದುಮತಿ ಮೆಲ್ಲಗೆ. “ನಾನಿನ್ನೂ ಎಂಟರ್ ಒತ್ತೇ ಇಲ್ಲ.”